ನಾಯಿಗೆ ಬೇಯಿಸಿದ ಕೋಸು

ಎಲೆಕೋಸು ಬೇಯುವ ವಾಸನೆ ಬಂದರೆ ನಾನು ಈಗಲೂ ಎದ್ದು ಹೊರಗೆ ಹೋಗುತ್ತೇನೆ. ಮದುವೆಮನೆಯಾದರೂ ಸರಿ, ಬೀಗರ ಮನೆಯಾದರೂ ಸರಿ. ಕಾರಣ ಕೇಳಿದವರಿಗೆ ತಲೆನೋವು ಅಂದುಬಿಡುತ್ತೇನೆ. ನಿಜ ಹೇಳಿದರೆ ಅವರ ಊಟವೂ ಕೆಡುತ್ತದೆ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾವು ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿ ಬಾಡಿಗೆಗಿದ್ದೆವು. ಮುಂದಿನ ಮನೆಯಲ್ಲಿ ಮಾಲೀಕರು, ಹಿತ್ತಲ ಕಡೆಯ ಒಂದೂವರೆ ಕೋಣೆಯಲ್ಲಿ ನಾನು ಮತ್ತು ನನ್ನ ಗಂಡ. ಮಾಲೀಕರು ನಿವೃತ್ತ ಹೈಸ್ಕೂಲು ಮೇಷ್ಟ್ರು. ಅವರದೂ ನಮ್ಮ ಹಾಗೆ ಬಾಡೂಟದ ಮನೆತನವೇ. ಆದರೆ ನಿವೃತ್ತಿಯಾದ ವರ್ಷ ಯಾರದೋ ಪ್ರಕೃತಿ ಚಿಕಿತ್ಸೆಯ ಭಾಷಣ ಕೇಳಿ ಬಂದು ಮಾಂಸ, ಮೊಟ್ಟೆ, ಕಾಫಿ ಮೂರನ್ನೂ ಒಂದೇ ದಿನ ಬಿಟ್ಟರಂತೆ. ಹೆಂಡತಿಯಿಂದಲೂ ಬಿಡಿಸಿದರು. ಮಕ್ಕಳಿಲ್ಲದ ಮನೆ. ಇನ್ನು ಉಳಿದದ್ದು ನಾಯಿ. ಅದರಿಂದಲೂ ಬಿಡಿಸಿದರು.

ಬಿಳಿ ಪೊಮೆರೇನಿಯನ್ ನಾಯಿ. ಅದುವರೆಗೆ ಮುದ್ದೆ, ಸಾರು, ಮೂಳೆ ತಿಂದು ಬೆಳೆದದ್ದು. ನಾವು ಆ ಮನೆಗೆ ಹೋಗುವ ಹೊತ್ತಿಗೆ ಅದಕ್ಕೆ ಎರಡು ಹೊತ್ತೂ ಬರೀ ತರಕಾರಿ.

ಮೇಷ್ಟ್ರು ಬೆಳಿಗ್ಗೆ ವಾಕಿಂಗ್ ಹೋಗಿ ಬರುವಾಗ ಮಾರ್ಕೆಟ್ಟಿನಲ್ಲಿ ಕೋಸಿನ ಮೇಲಿಂದ ಸುಲಿದು ಬಿಸಾಡಿದ ಎಲೆಗಳನ್ನು ಆರಿಸಿ ಚೀಲಕ್ಕೆ ತುಂಬಿಕೊಂಡು ಬರುತ್ತಿದ್ದರು. ಜಿಪುಣತನವೆಂದು ಹೇಳಲಾರೆ. ಹೊರಗಿನ ಎಲೆಯಲ್ಲೇ ಸತ್ವವಿರುವುದು ಎಂಬುದು ಅವರ ನಂಬಿಕೆ. ಆ ಎಲೆಗಳು ಲೋಳೆಲೋಳೆಯಾಗಿರುತ್ತಿದ್ದವು. ಅದರ ಜೊತೆ ಮೂಲಂಗಿ, ಬೀಟ್‌ರೂಟ್, ಹುಳ ಬಿದ್ದ ಬದನೆಕಾಯಿ. ಎಲ್ಲವನ್ನೂ ಒಂದು ಸಿಲ್ವಾರದ ಪಾತ್ರೆಗೆ ಹಾಕಿ, ಉಪ್ಪಿಲ್ಲದೆ, ಸರಿಯಾಗಿ ನನ್ನ ಅಡುಗೆಮನೆಯ ಕಿಟಕಿಯ ಕೆಳಗಿದ್ದ ಹೊಟ್ಟಿನ ಒಲೆಯ ಮೇಲೆ ಬೇಯಲು ಇಡುತ್ತಿದ್ದರು. ಬೆಂದ ಮೇಲೆ ಕೈಯಲ್ಲೇ ಹಿಸುಕುವುದು. ಬೆರಳ ಸಂದಿಯಿಂದ ಕಂದುಹಸಿರು ಗಂಜಿ ಹೊರಗೆ ಬರುತ್ತಿತ್ತು. ಆ ಕೈಯನ್ನು ಪಂಚೆಗೆ ಒರೆಸಿಕೊಂಡು ನನ್ನನ್ನು ಮಾತಾಡಿಸಲು ಕಿಟಕಿಗೆ ಬರುತ್ತಿದ್ದರು.

ಬೀಟ್‌ರೂಟ್ ಹಾಕಿದ ದಿನ ನಾಯಿಯ ಮೂತಿ ಸಂಜೆಯವರೆಗೂ ಕೆಂಪು. ಯಾವುದನ್ನೋ ಕೊಂದು ತಿಂದು ಬಂದ ಹಾಗೆ ಕಾಣುತ್ತಿತ್ತು. ಮಾರನೆಯ ದಿನ ಹಿತ್ತಲಲ್ಲಿ ಅದು ಮಾಡಿದ್ದೂ ಕೆಂಪು. ನಾನು ಬಿಂದಿಗೆ ಹಿಡಿದು ನಲ್ಲಿಗೆ ಹೋಗಬೇಕಾದರೆ ಅದನ್ನೇ ದಾಟಿಕೊಂಡು ಹೋಗಬೇಕು.

ಇಷ್ಟನ್ನೂ ಹೇಗೋ ಸಹಿಸಿಕೊಳ್ಳಬಹುದಿತ್ತು. ಆದರೆ ನಾನು ಆಗ ಮೂರು ತಿಂಗಳ ಬಸುರಿ. ಒಲೆಯಿಂದ ಮೊದಲ ಹಬೆ ಏಳುತ್ತಿದ್ದಂತೆ ನನ್ನ ಹೊಟ್ಟೆ ಕಿತ್ತು ಬಾಯಿಗೆ ಬರುತ್ತಿತ್ತು.

“ರೀ, ಆ ಒಲೇನ ಮುಂದುಗಡೆಗಾದ್ರೂ ಇಟ್ಕೊಳ್ಳಕ್ಕೆ ಹೇಳ್ರೀ,” ಅಂತ ಗಂಡನಿಗೆ ಹೇಳಿದೆ.

“ಮಾಲೀಕ್ರಿಗೆ ಹೆಂಗೆ ಹೇಳೋದೇ? ಇನ್ನೊಂದೆರಡು ತಿಂಗ್ಳು ಹೋದ್ರೆ ವಾಂತಿ ತಾನೇ ನಿಲ್ಲುತ್ತೆ, ಬಿಡು,” ಅಂದರು. ಅವರು ಏಳೂವರೆಗೆ ಸೈಕಲ್ ಹತ್ತಿ ಹೋದರೆ ಬರುತ್ತಿದ್ದದ್ದು ಸಂಜೆ. ವಾಸನೆ ಅವರ ಪಾಲಿಗಿರಲಿಲ್ಲ.

ನಾನೇ ಹೇಳಿದೆ. “ಸಾರ್, ಈ ವಾಸನೆ ನಂಗೆ ಆಗ್ತಿಲ್ಲ.”

ಮೇಷ್ಟ್ರಿಗೆ ಬೇಸರವೇನೂ ಆಗಲಿಲ್ಲ. ಪಾಠ ಶುರು ಮಾಡಿದರು. “ನೋಡಮ್ಮ, ವಾಸನೆ ಆಗ್ತಿಲ್ಲ ಅಂದ್ರೆ ಏನರ್ಥ? ನಿನ್ ಮೈಯಲ್ಲಿ ವಿಷ ಇದೆ ಅಂತ. ಅದು ಹೊರಗೆ ಬರ್ತಿದೆ. ಬರ್ಲಿ ಬಿಡು, ಒಳ್ಳೇದೇ.”

ಮಾರನೆಯ ದಿನ ಒಂದು ಬಟ್ಟಲು ಹಿಡಿದುಕೊಂಡು ಬಾಗಿಲಿಗೆ ಬಂದರು. ಒಳಗೆ ಅದೇ ಗಂಜಿ, ಇನ್ನೂ ಹಬೆಯಾಡುತ್ತಿತ್ತು. “ನಾಯಿಗೆ ಹಾಕೋಕೆ ಮುಂಚೆನೇ ನಿಂಗೆ ತೆಗೆದಿಟ್ಟೆ. ಮಗೂಗೆ ಒಳ್ಳೇದು, ತಿನ್ನು,” ಅಂದರು. ಗಂಜಿಯ ಮೇಲೆ ಒಂದು ಉದ್ದನೆಯ ಬಿಳಿ ಕೂದಲು ಅಂಟಿಕೊಂಡಿತ್ತು. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡು ಬಚ್ಚಲಿಗೆ ಓಡಿದೆ. ಹಿಂದಿನಿಂದ ಅವರ ದನಿ ಕೇಳುತ್ತಿತ್ತು. “ಹಾಂ, ಬರ್ಲಿ, ಬರ್ಲಿ!”

ಆ ಭಾನುವಾರ ಮೊಟ್ಟೆ ಸಾರು ಮಾಡಿದ್ದೆ. ಗಂಡ ಉಂಡು ಹೊರಗೆ ಹೋಗಿದ್ದರು. ನಾನೂ ಎರಡು ತುತ್ತು ಉಂಡಿದ್ದೆನೋ ಇಲ್ಲವೋ, ಕಿಟಕಿಯಿಂದ ಮೂಲಂಗಿಯ ಹಬೆ ಬಂತು. ಹಿತ್ತಲ ಮೋರಿಯ ಹತ್ತಿರವೇ ವಾಂತಿಯಾಯಿತು. ತೊಳೆಯಲು ಚೊಂಬಿನಲ್ಲಿ ನೀರು ತರುವಷ್ಟರಲ್ಲಿ ನಾಯಿ ಬಂದು ಅದನ್ನು ನೆಕ್ಕುತ್ತಿತ್ತು. ಆತುರಾತುರವಾಗಿ, ನನ್ನನ್ನೇ ನೋಡುತ್ತ, ಯಾರಾದರೂ ಕಿತ್ತುಕೊಂಡಾರೆಂಬ ಹಾಗೆ. ಮೊಟ್ಟೆಯ ಒಂದು ಚೂರು ಅದರ ಮೀಸೆಗೆ ಅಂಟಿತ್ತು.

ಚೊಂಬಿನ ನೀರನ್ನು ಪೂರ್ತಿ ಅದರ ಮೇಲೆ ಎರಚಿದೆ. ಅದು ಕದಲಲಿಲ್ಲ. ನೆನೆದ ಕೂದಲು ಮೈಗೆ ಅಂಟಿಕೊಂಡಿತು. ಆಗ ಕಂಡೆ. ಹತ್ತಿಯ ಮೂಟೆಯ ಹಾಗಿದ್ದ ಆ ಕೂದಲಿನೊಳಗೆ ನಾಯಿಯೇ ಇರಲಿಲ್ಲ. ಪಕ್ಕೆಲುಬು, ಬೆನ್ನುಮೂಳೆ, ಎರಡು ಕಣ್ಣು, ಅಷ್ಟೇ. ಅದು ಒದ್ದೆ ಕಲ್ಲನ್ನು ನೆಕ್ಕುತ್ತಲೇ ಇತ್ತು.

ನಾನು ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಅತ್ತೆ. ನಾಯಿಯ ಮೇಲಿನ ಅಸಹ್ಯಕ್ಕೋ, ನನ್ನ ಬಾಯಿಯ ಹುಳಿಗೋ, ಮುಂದಿನ ಮನೆಯಲ್ಲಿ ಆರಾಮಾಗಿ ಪೇಪರ್ ಓದುತ್ತಿದ್ದ ಮೇಷ್ಟ್ರ ಮೇಲಿನ ಸಿಟ್ಟಿಗೋ, ನನಗೇ ತಿಳಿಯಲಿಲ್ಲ. ಅತ್ತಾದ ಮೇಲೆ ಒಂದು ಮೊಟ್ಟೆ ಬೇಯಿಸಿ ನಾಯಿಗೆ ಹಾಕಿದೆ. ಸಿಪ್ಪೆ ಬಿಡಿಸಲೂ ಬಿಡಲಿಲ್ಲ.

ಅಂದಿನಿಂದ ದಿನಕ್ಕೊಂದು ಮೊಟ್ಟೆ. ಮೇಷ್ಟ್ರು ಸ್ನಾನಕ್ಕೆ ಇಳಿದಾಗ ಹಿತ್ತಲ ಮೂಲೆಯಲ್ಲಿ ಹಾಕುತ್ತಿದ್ದೆ. ನಾಲ್ಕನೆಯ ದಿನ ಹಾಕಿ ತಿರುಗಿದರೆ, ಅವರ ಹೆಂಡತಿ ಹಿಂಬಾಗಿಲಲ್ಲಿ ನಿಂತಿದ್ದರು. ಮನೆ ಖಾಲಿ ಮಾಡಿಸುತ್ತಾರೆ ಅಂದುಕೊಂಡೆ.

ಅವರು ಹತ್ತಿರ ಬಂದು ಮೆಲ್ಲಗೆ ಕೇಳಿದರು. “ಇನ್ನೊಂದು ಇದ್ಯಾ?”

“ನಾಯಿಗಾ ಅಮ್ಮ?”

“ನಂಗೆ ಕಣಮ್ಮ.”

ಉಪ್ಪು ತರುತ್ತೇನೆ ಇರಿ ಅಂದರೂ ಕಾಯಲಿಲ್ಲ. ಗೋಡೆಯ ಕಡೆ ತಿರುಗಿ ನಿಂತು ಮೂರು ಬಾಯಿಗೆ ಮುಗಿಸಿದರು. ಆಮೇಲೆ ನಾಯಿ ಮತ್ತು ಅವರು ಇಬ್ಬರೂ ದಿನಾ ಬರತೊಡಗಿದರು.

ಎರಡು ತಿಂಗಳಲ್ಲಿ ನಾಯಿ ಚೇತರಿಸಿಕೊಂಡಿತು. ಕೂದಲಿಗೆ ಹೊಳಪು ಬಂತು, ಬೆಕ್ಕು ಕಂಡರೆ ಅಟ್ಟಿಸಿಕೊಂಡು ಹೋಗತೊಡಗಿತು. ಮೇಷ್ಟ್ರ ಸಂಭ್ರಮ ಹೇಳತೀರದು. ಅದನ್ನು ಗೇಟಿನ ಹತ್ತಿರ ನಿಲ್ಲಿಸಿಕೊಂಡು ಹೋಗಿಬರುವವರಿಗೆಲ್ಲ ತೋರಿಸುವರು. “ನೋಡಿ, ಮುಟ್ಟಿ ನೋಡಿ. ಬರೀ ಕೋಸು, ಬೀಟ್‌ರೂಟು!” ಒಲೆಯ ಹಬೆಗಿಂತ ಹೆಚ್ಚಾಗಿ ನನಗೆ ಈ ಮಾತು ವಾಕರಿಕೆ ತರಿಸುತ್ತಿತ್ತು.

ಒಂದು ಸಂಜೆ ಎದುರುಮನೆಯವರಿಗೆ, ಮರಿ ಹಾಕಿದ್ದ ಅವರ ನಾಯಿಗೂ ಮಾಂಸ ನಿಲ್ಲಿಸಿ ಕೋಸು ಹಾಕುವಂತೆ ಹೇಳುತ್ತಿದ್ದರು. ಹೆಂಡತಿ ಜಗುಲಿಯಲ್ಲಿ ಅಕ್ಕಿ ಆರಿಸುತ್ತಿದ್ದರು. ನಾನು ಪಕ್ಕದಲ್ಲಿ ಕುಳಿತಿದ್ದೆ. ಆ ಅಮ್ಮ ಮೊರ ಕೆಳಗಿಟ್ಟು ಗೇಟಿಗೆ ಹೋದರು.

“ಸಾಕು ಸುಮ್ನಿರ್ರೀ. ಆ ಮರಿಗಳನ್ನೂ ಸಾಯಿಸ್ಬೇಡಿ. ಇದು ದಿನಾ ಮೊಟ್ಟೆ ತಿಂತಿದೆ. ನಾನೂ ತಿಂತಿದೀನಿ.”

ಮೇಷ್ಟ್ರ ಮುಖ ಬಿಳುಚಿಕೊಂಡಿತು. ನನ್ನ ಕಡೆ ಒಮ್ಮೆ ನೋಡಿ, ನಾಯಿಯನ್ನು ಎತ್ತಿಕೊಂಡು ಒಳಗೆ ಹೋದರು. ಮಾರನೆಯ ಬೆಳಿಗ್ಗೆ ನಾಯಿಯನ್ನು ಆಟೋದಲ್ಲಿ ಹಾಕಿಕೊಂಡು, ಹೆಂಡತಿಯನ್ನೂ ಕೂರಿಸಿಕೊಂಡು, ಅದು ಚೇತರಿಸಿಕೊಂಡದ್ದು ಕೋಸಿನಿಂದಲೇ ಎಂದು ಸಾಬೀತು ಮಾಡಲು ದನದ ಡಾಕ್ಟರ ಹತ್ತಿರ ಹೋದರು. ಡಾಕ್ಟರು ಹೇಳಿದ್ದನ್ನು ಆ ಅಮ್ಮ ನನಗೆ ಅವರ ದನಿಯಲ್ಲೇ ಹೇಳಿ ತೋರಿಸಿದರು. “ತರಕಾರಿ ಬೇಡ ಅನ್ನಲ್ಲ ಯಜಮಾನ್ರೇ. ಕ್ಯಾರೆಟ್ಟು, ಹುರುಳಿಕಾಯಿ ಚೆನ್ನಾಗಿ ತೊಳ್ದು ಬೇಯ್ಸಿ ಒಂದ್ ಹಿಡಿ ಹಾಕಿ. ಈರುಳ್ಳಿ ಮಾತ್ರ ಮುಟ್ಟಿಸ್ಬೇಡಿ. ಆದ್ರೆ ಇದು ನಾಯಿ. ಹಸು ಅಲ್ಲ.”

ಒಲೆ ಕಿಟಕಿಯ ಕೆಳಗಿನಿಂದ ಹೋಯಿತು. ನನಗೆ ಹೆರಿಗೆಯಾಗಿ ಮಗು ಮನೆಗೆ ಬರುವವರೆಗೂ ಮೇಷ್ಟ್ರು ನನ್ನ ಜೊತೆ ಮಾತಾಡಲಿಲ್ಲ.

ಮಗುವಿಗೆ ಏಳು ತಿಂಗಳಾದಾಗ ನಾವು ಹನುಮಂತನಗರಕ್ಕೆ ಮನೆ ಬದಲಾಯಿಸಿದೆವು. ಆ ಅಮ್ಮ ಆಗಾಗ ಭಾನುವಾರ ಬಸ್ಸು ಹತ್ತಿ ನಮ್ಮಲ್ಲಿಗೆ ಊಟಕ್ಕೆ ಬರುತ್ತಿದ್ದರು. ಒಮ್ಮೆ ಸಾರಿಗೆ ಮುದ್ದೆ ಅದ್ದುತ್ತ ನಗುತ್ತಲೇ ಹೇಳಿದರು. “ಈಗ ಬೀದೀಲೆಲ್ಲ ಏನ್ ಹೇಳ್ಕೊಂಡು ತಿರುಗ್ತಿದಾರೆ ಗೊತ್ತಾ? ನಾಯಿಗೆ ಒಂದು ಮೊಟ್ಟೆ, ಒಂದ್ ಹಿಡಿ ಕ್ಯಾರೆಟ್ಟು, ಇದು ನಾನೇ ಕಂಡ್ಹಿಡ್ದಿದ್ದು ಅಂತ.”

ನನ್ನ ಗಂಡನೂ ನಕ್ಕರು. ನನಗೆ ನಗು ಬರಲಿಲ್ಲ. ಕೋಸು ಬೇಯುವ ಆ ಹಳೆಯ ವಾಸನೆ ಮೂಗಿಗೆ ಬಂದ ಹಾಗಾಗಿ, ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಎದ್ದೆ.