ವಿಲಂಬಿತ ಮೊದಲ

ಎಪ್ಪತ್ತರ ದಶಕದಲ್ಲಿ ಮಿಲಿಟರಿ ಕ್ಯಾಂಪಿನ ಬಂಗಲೆಯೊಂದು ಖಾಲಿಯಾಗುವಾಗ ನನಗೆ ಸಿಕ್ಕ ಹತ್ತೊಂಬತ್ತನೇ ಶತಮಾನದ ಪಿಯಾನೊ ಕಾನ್ಚರ್ಟೊದ, ಅಂದರೆ ವಾದ್ಯವೃಂದದ ಜೊತೆಗಿನ ಪಿಯಾನೊ ವಾದನದ, ರೆಕಾರ್ಡನ್ನು ಖಾನಾಪುರದ ಸೋದರಮಾವನ ಮನೆಗೆ ಒಯ್ದೆ. ಹಿಂದೂಸ್ತಾನಿ ಖ್ಯಾಲ್ ಗಾಯನ ಬಿಟ್ಟರೆ ಸಂಗೀತವೇ ಇಲ್ಲವೆಂದು ನಂಬಿದ್ದ ಮಾಮಾ ಮೊದಲ ಬದಿ ಕೇಳಿ ಮುಖ ಸಿಂಡರಿಸಿದರು. ಪಿಯಾನೊ ಅವರ ಪಾಲಿಗೆ ದೊಡ್ಡ ಹಾರ್ಮೋನಿಯಂ.

‘ಪೇಟಿಯವನ ಕೈ ಚೊಲೋ ಐತಿ. ಸಾಥ್ ಮಾಡಾವ್ರದ ಭಾಳ ಗದ್ದಲ.’

ತಿರುವಿ ಹಾಕಿದೆ. ಎರಡನೇ ಬದಿ ನಿಧಾನವಾಗಿ ಶುರುವಾಗಿ ವೇಗವಾಗಿ ಮುಗಿಯಿತು. ಮಾಮಾ ಗೆದ್ದವರಂತೆ ನಕ್ಕರು.

‘ಚೀಟಿ ಅದಲಬದಲ ಹಚ್ಯಾರ. ವಿಲಂಬಿತ ಮೊದಲ, ದ್ರುತ ಆಮ್ಯಾಲ.’

ಅಂದಿನಿಂದ ಆ ಮನೆಯಲ್ಲಿ ಎರಡನೇ ಬದಿಯೇ ಮೊದಲು.

ಎಂಬತ್ತರ ದಶಕದಲ್ಲಿ ಟಿಳಕವಾಡಿಯ ಗೆಳೆಯನೊಬ್ಬ, ಪಾಶ್ಚಾತ್ಯ ಸಂಗೀತದ ಪಾಠ ಹೇಳುವವನು, ತನ್ನಲ್ಲಿದ್ದ ಅದೇ ರೆಕಾರ್ಡಿನ ಮೊದಲ ಬದಿಯನ್ನು ಭಕ್ತಿಯಿಂದ ಹಚ್ಚಿದ. ನನಗೆ ತಡೆಯಲಾಗಲಿಲ್ಲ.

‘ಉಲ್ಟಾ ಹಚ್ಚೀಯಲೋ,’ ಅಂದೆ, ‘ತಿರುವಿ ಹಾಕು.’