ಜೀನ್ ಟೆಸ್ಟು ಮತ್ತು ಇಸ್ತ್ರಿಯಕ್ಕನ ಮೂಗು

ಇಸ್ತ್ರಿಯಕ್ಕನ ಮೂಗಿಗೆ ಹೆದರದವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಒಗೆದು ಒಣಗಿಸಿದ ಬಟ್ಟೆಯಲ್ಲಿ ಯಾವ ವಾಸನೆಯೂ ಉಳಿದಿಲ್ಲ ಎಂದು ನಾವು ನೀವು ಅಂದುಕೊಳ್ಳುತ್ತೇವೆ. ಅದರ ಮೇಲೆ ನೀರು ಚಿಮುಕಿಸಿ ಕಾದ ಇಸ್ತ್ರಿಪೆಟ್ಟಿಗೆ ಒತ್ತಿದರೆ, ಅಡಗಿ ಕೂತದ್ದೆಲ್ಲ ಆವಿಯ ಜೊತೆ ಎದ್ದು ಬರುತ್ತದೆ. ಯಾರ ಅಂಗಿಗೆ ಯಾರ ಸೆಂಟು ಅಂಟಿದೆ, ಕುಡಿತ ಬಿಟ್ಟೆನೆಂದು ಆಣೆ ಇಟ್ಟವನು ನಿಜಕ್ಕೂ ಬಿಟ್ಟಿದ್ದಾನೆಯೇ, ಎಲ್ಲವೂ ಅವಳಿಗೆ ಗೊತ್ತು. ಬಾಯಿ ಬಿಟ್ಟು ಯಾರಿಗೂ ಹೇಳುತ್ತಿರಲಿಲ್ಲ. ಮಡಚಿದ ಅಂಗಿಯನ್ನು ಕೈಗೆ ಕೊಡುವಾಗ ಒಂದು ಹುಬ್ಬು ಮೇಲೆತ್ತುತ್ತಿದ್ದಳು, ಅಷ್ಟಕ್ಕೇ ಗಿರಾಕಿಯ ಬೆವರಿಳಿಯುತ್ತಿತ್ತು.

ಸಂಶಯ ಅವಳ ಹುಟ್ಟುಗುಣ. ಹಾಲಿನವನ ಅಳತೆ, ಗೋಡೆ ಗಡಿಯಾರ, ರೇಡಿಯೋದ ಹವಾಮಾನ, ಯಾವುದನ್ನೂ ನಂಬಿದವಳಲ್ಲ. ಕಣ್ಣುಮುಚ್ಚಿ ನಂಬಿದ್ದು ಒಬ್ಬನನ್ನೇ, ಗಂಡನನ್ನು. ಅವನು ಬಸ್ ಡಿಪೋದಲ್ಲಿ ಟೈಂಕೀಪರ್. ಯಾವ ಬಸ್ಸು ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿಗೆ ಹೋಯಿತು ಎಂದು ಬರೆದುಕೊಳ್ಳುವ ಕೆಲಸ. ಕುರ್ಚಿ ಹಾಕಿದರೆ ಬಾಗಿಲು ಮುಚ್ಚಲಾಗದಂಥ ಗೂಡು ಅವನ ಆಫೀಸು. ಸಹಿ ಹಾಕಲು ಬರುವ ಡ್ರೈವರುಗಳೆಲ್ಲ ಅಲ್ಲೇ ನಿಂತು ಒಂದು ದಮ್ಮು ಎಳೆದೇ ಹೋಗುವವರು. ಹಾಗಾಗಿ ಅವನ ಅಂಗಿ ದಿನವೂ ಹೊಗೆ ನಾರುತ್ತಿತ್ತು. ಮದುವೆಯಾದ ಹೊಸದರಲ್ಲಿ ಒಮ್ಮೆ ಕೇಳಿದ್ದಳು. "ನಾನು ಮುಟ್ಟಲ್ಲ ಕಣೇ, ಅದು ಡ್ರೈವರುಗಳದ್ದು" ಅಂದಿದ್ದ. ಇಪ್ಪತ್ತೆಂಟು ವರ್ಷಕ್ಕೆ ಆ ಒಂದು ಮಾತು ಸಾಕಾಗಿತ್ತು.

ಅವನಿಗೆ ಶ್ವಾಸಕೋಶದ ಕ್ಯಾನ್ಸರ್ ಎಂದು ಗೊತ್ತಾದ ವಾರವೇ ಎದುರುಮನೆಯಾಕೆ ಎರಡು ಬೆಡ್‌ಶೀಟ್ ಹಿಡಿದುಕೊಂಡು ಬಂದಳು. ಬೆಡ್‌ಶೀಟಿಗೆ ಇಸ್ತ್ರಿ ಹಾಕಿಸುವವರ ಪೈಕಿಯಲ್ಲ ಅವಳು.

"ಪಾಪ, ಎಷ್ಟು ವರ್ಷದಿಂದ ಸೇದ್ತಿದ್ರು ಅಕ್ಕ?"

"ಅವರು ಸೇದಲ್ಲ."

"ಅಯ್ಯೋ, ಸೇದದೆ ಅದು ಬರುತ್ತಾ? ಗಂಡಸರು ಎಲ್ಲಾನೂ ಹೇಳ್ಕೋತಾರಾ?"

ತಲೆಯೊಳಗೆ ಹುಳ ಬಿಟ್ಟು ಎದುರುಮನೆಯಾಕೆ ನೆಮ್ಮದಿಯಾಗಿ ಮನೆಗೆ ಹೋದಳು. ಇಸ್ತ್ರಿಯಕ್ಕನಿಗೆ ಅವತ್ತು ಎರಡು ಕಾಲರು ಸೀದವು. ಬೀದಿಯವರ ಗುಟ್ಟನ್ನೆಲ್ಲ ಹಿಡಿದವಳಿಗೆ ಗಂಡನೇ ಮಂಕುಬೂದಿ ಎರಚಿದನೇ? ಕಾಯಿಲೆಗಿಂತ ಈ ಯೋಚನೆಯೇ ಅವಳನ್ನು ಹೆಚ್ಚು ಸುಟ್ಟಿತು, ಹಾಗೆ ಸುಡುತ್ತಿದೆಯಲ್ಲ ಎಂದು ನಾಚಿಕೆಯೂ ಆಯಿತು. ನಾಚಿಕೆಯಾದರೂ ಬಿಡಲಿಲ್ಲ. ಅವನ ಹಳೆಯ ಅಂಗಿಗಳನ್ನೆಲ್ಲ ಬೀರುವಿನಿಂದ ತೆಗೆದು ಮತ್ತೆ ಉಜ್ಜಿದಳು, ಆವಿ ಮೂಸಿದಳು. ಹೊಗೆ ಇತ್ತು. ಯಾರ ಹೊಗೆ ಎಂದು ಹೇಳುವಷ್ಟು ಜಾಣ ಮೂಗು ಅವಳದ್ದೂ ಆಗಿರಲಿಲ್ಲ. ಮಧ್ಯಾಹ್ನ ಅವನು ಮಲಗಿದ್ದಾಗ ಬೆರಳು ಮೂಸಿದಳು, ಮೀಸೆ ಮೂಸಿದಳು. ಅವನು ಕಣ್ಣು ಮುಚ್ಚಿಕೊಂಡೇ ಇದ್ದ. ನಿದ್ದೆಯಲ್ಲಿದ್ದನೆಂದು ಅವಳು ತಿಳಿದುಕೊಂಡಳು.

ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನು ಬಂತು: ಜೀನ್ ಟೆಸ್ಟಿನ ರಿಪೋರ್ಟ್ ಬಂದಿದೆ. ಇಸ್ತ್ರಿಯಕ್ಕನಿಗೆ ಗೊತ್ತಿದ್ದ ಜೀನು ಒಂದೇ, ಉಜ್ಜಿ ಉಜ್ಜಿ ತೋಳು ಬೀಳಿಸುವ ಆ ದಪ್ಪ ಪ್ಯಾಂಟು. ಸರಿ, ಆಸ್ಪತ್ರೆಯವರಿಗೂ ಅನುಮಾನ ಬಂದಿದೆ, ಹೊಗೆ ಇದೆಯೋ ಎಂದು ಪ್ಯಾಂಟನ್ನೇ ಪರೀಕ್ಷೆಗೆ ಹಾಕಿದ್ದಾರೆ ಅಂದುಕೊಂಡಳು. ಆದರೆ ಇವರು ಜನ್ಮದಲ್ಲಿ ಜೀನ್ಸ್ ತೊಟ್ಟವರಲ್ಲವಲ್ಲ, ಬೇರೆ ಯಾರದ್ದೋ ಪ್ಯಾಂಟು ಅದಲುಬದಲಾಗಿರಬೇಕು ಎಂದು ಜಗಳಕ್ಕೆ ಸಿದ್ಧಳಾಗಿಯೇ ಹೋದಳು.

ಪ್ಯಾಂಟಿನ ಜಗಳ ಕೇಳಿಯೂ ಡಾಕ್ಟ್ರಮ್ಮ ನಗಲಿಲ್ಲ, ಅದು ಅವರ ದೊಡ್ಡತನ. ಗಂಡನನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ ಬಂದಿದ್ದ ಅಕ್ಕನಿಗೆ ಬಿಡಿಸಿ ಹೇಳಿದರು.

"ಪ್ಯಾಂಟಲ್ಲಮ್ಮ. ಮೈಯ ಒಂದೊಂದು ಜೀವಕಣದಲ್ಲೂ ಜೀನುಗಳಿರ್ತವೆ. ಯಾವಾಗ ಬೆಳೀಬೇಕು, ಯಾವಾಗ ಸಾಕು ಮಾಡಬೇಕು ಅಂತ ಕಣಕ್ಕೆ ಹೇಳೋದು ಅವೇ. ಬೇಕಾದಾಗ ಚಾಲೂ ಆಗ್ತವೆ, ಕೆಲಸ ಮುಗಿದ ಮೇಲೆ ಸುಮ್ಮನಾಗ್ತವೆ. ಇವರ ಗೆಡ್ಡೆಯಲ್ಲಿ 'ಬೆಳಿ' ಅನ್ನೋ ಒಂದು ಜೀನು ಕೆಟ್ಟು, ಚಾಲೂ ಆಗಿದ್ದು ನಿಂತೇ ಇಲ್ಲ."

"ಇಸ್ತ್ರಿಪೆಟ್ಟಿಗೆ ಥರ್ಮೋಸ್ಟಾಟ್ ಹೋದಂಗಾ?"

"ಹೂಂ, ಹಂಗೇ. ಕಣಗಳನ್ನ ಒಂದಕ್ಕೊಂದು ಅಂಟಿಸಿಡೋ ಜೀನುಗಳೂ ಮಂಕಾಗಿವೆ. ಅದಕ್ಕೇ ಕೆಲವು ಕಣ ಜಾಗ ಬಿಟ್ಟು ಹೊರಟು ಬೆನ್ನುಮೂಳೆಗೆ ಹೋಗಿ ಕೂತಿವೆ. ಆ ಕೆಟ್ಟ ಜೀನಿನ ಕೆಲಸ ತಡೆಯೋ ಮಾತ್ರೆ ಕೊಡ್ತೀನಿ. ಒಂದಷ್ಟು ಕಾಲ ತಡೆಯುತ್ತೆ. ಆಮೇಲೆ ಅದು ಬೇರೆ ದಾರಿ ಹುಡುಕ್ಕೊಳ್ಳುತ್ತೆ. ಸುಳ್ಳು ಹೇಳಲ್ಲ ನಾನು."

ಇಸ್ತ್ರಿಯಕ್ಕ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದಳು. "ಡಾಕ್ಟ್ರಮ್ಮ, ಅವರು ಕದ್ದು ಸೇದ್ತಿದ್ರೋ ಇಲ್ವೋ, ಇದ್ರಲ್ಲಿ ಗೊತ್ತಾಗುತ್ತಾ?"

"ಈ ಥರ ಕೆಡೋದು ಸೇದದೇ ಇರೋರಲ್ಲೇ ಜಾಸ್ತಿ ಕಾಣುತ್ತೆ. ಸೇದೋರಲ್ಲೂ ಇರುತ್ತೆ. ಇದನ್ನ ಇಟ್ಕೊಂಡು ನಾನು ಸಾಕ್ಷಿ ಹೇಳಕ್ಕಾಗಲ್ಲಮ್ಮ."

ಜಾಸ್ತಿ ಅಂದರೆ ಎಲ್ಲರೂ ಅಲ್ಲವಲ್ಲ! ಬೇರೆ ಯಾರಾದರೂ ಅಷ್ಟಕ್ಕೆ ಸಮಾಧಾನ ಮಾಡಿಕೊಳ್ಳುತ್ತಿದ್ದರು, ಇವಳು ಉಳಿದರ್ಧವನ್ನೇ ಹಿಡಿದುಕೊಂಡಳು. ಹೊರಗೆ ಬಂದರೆ ಬೆಂಚು ಖಾಲಿ. ಬಾಗಿಲ ಪಕ್ಕದಲ್ಲೇ ಗೋಡೆಗೊರಗಿ ಗಂಡ ನಿಂತಿದ್ದ. "ಕೂತು ಕೂತು ಬೆನ್ನು ನೋವು" ಅಂದ.

ಮಾತ್ರೆಯಿಂದ ಕೆಮ್ಮು ಇಳಿಯಿತು, ಬೆನ್ನು ಹಾಗೇ ಇತ್ತು. ಅವನು ಬೆಳಗ್ಗೆ ಅವಳ ಇಸ್ತ್ರಿ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದ. ಬಾಕಿ ಇರುವ ದಿನಗಳು ಸೋರಿಹೋಗುತ್ತಿವೆ ಎಂದು ಇಬ್ಬರಿಗೂ ತಿಳಿದಿತ್ತು. ಅವಳಂತೂ ಅವನ ಮುಖ ನೋಡಿ ಮಾತಾಡುವುದನ್ನೇ ಬಿಟ್ಟಿದ್ದಳು. ನಿಜ ಗೊತ್ತಾಗದೆ ಅವನನ್ನು ಹೇಗೆ ಕಳಿಸಿಕೊಡುವುದು ಎಂಬುದೊಂದೇ ಅವಳ ತಲೆಯಲ್ಲಿ ಗುಂಯ್‌ಗುಡುತ್ತಿತ್ತು.

ಒಂದು ಬೆಳಗ್ಗೆ ಅವನೇ ಬಾಯಿಬಿಟ್ಟ. "ಒಂದ್ ಮಾತು ಹೇಳ್ತೀನಿ, ಬೈಬೇಡ. ನಾನು ಸೇದ್ತಿದ್ದೆ ಕಣೇ."

ಇಸ್ತ್ರಿಯಕ್ಕ ಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು. ಕೊನೆಗೂ ಸಿಕ್ಕಿಬಿದ್ದ ಎಂದು ಎದೆಯಲ್ಲೊಂದು ಹಾಳು ಖುಷಿ ಚಿಮ್ಮಿತು.

"ಎಷ್ಟು ವರ್ಷ?"

"ಮೊದಲಿಂದಾನೂ."

"ದಿನಕ್ಕೆ ಎಷ್ಟು?"

ಅವನು ಸ್ವಲ್ಪ ಯೋಚಿಸಿದ. "ಒಂದು ಪ್ಯಾಕು."

"ಪ್ಯಾಕಲ್ಲಿ ಎಷ್ಟಿರ್ತಿತ್ತು?"

"ಹನ್ನೆರಡು" ಅಂದ, ಪರೀಕ್ಷೆಯಲ್ಲಿ ಗೊತ್ತಿಲ್ಲದ ಪ್ರಶ್ನೆಗೆ ಉತ್ತರ ಬರೆಯುವವರ ಹಾಗೆ.

ಗಿರಾಕಿಗಳು ಜೇಬಿನಲ್ಲೇ ಮರೆತ ಪ್ಯಾಕುಗಳನ್ನು ಇಷ್ಟು ವರ್ಷ ತೆಗೆದು ತೆಗೆದು ಹಿಂದಕ್ಕೆ ಕೊಟ್ಟವಳು ಅವಳು. ಹತ್ತರದ್ದು ನೋಡಿದ್ದಳು, ಇಪ್ಪತ್ತರದ್ದು ನೋಡಿದ್ದಳು. ಹನ್ನೆರಡರದ್ದನ್ನು ಒಂದು ದಿನವೂ ನೋಡಿರಲಿಲ್ಲ.

ಇಪ್ಪತ್ತೆಂಟು ವರ್ಷದಲ್ಲಿ ಗಂಡ ತನಗೆ ಹೇಳಿದ ಮೊದಲ ಸುಳ್ಳು ಇದು, ಹೇಳಿಸಿದವಳು ತಾನೇ.

"ಈಗ ಸಮಾಧಾನ ಆಯ್ತಾ?" ಅಂತ ಅವನು ಕೇಳಿದ.

"ಹೂಂ ರೀ" ಅಂದಳು ಇಸ್ತ್ರಿಯಕ್ಕ. ಅದು ಅವಳು ಅವನಿಗೆ ಹೇಳಿದ ಮೊದಲ ಸುಳ್ಳು.