ಟ್ರಂಪೆಟ್ಟಿನ ನೀರು, ಅಜ್ಜಿಯ ಊದುಗೊಳವೆ

ನನ್ನ ಮದುವೆಯ ಮೆರವಣಿಗೆ ಶೀಳನೆರೆಯ ಬೀದಿಯಲ್ಲಿತ್ತು. ಒಂದು ಹಾಡು ಮುಗಿಸಿದ ಬ್ಯಾಂಡ್‌ಸೆಟ್ಟಿನ ಟ್ರಂಪೆಟ್ಟಿನವರು ಕೊಳವೆಯಡಿಯ ಪುಟ್ಟ ಗುಂಡಿ ಒತ್ತಿ ಜೋರಾಗಿ ಊದಿದರು. ಒಳಗಿದ್ದ ನೀರು ನನ್ನ ಸೋದರಮಾವನ ರೇಷ್ಮೆ ಪಂಚೆಯ ಮೇಲೆ ಬಿತ್ತು.

“ಮದ್ವೇಲಿ ಉಗುಳ್ತೀಯೇನ್ಲಾ?” ಎಂದು ಮಾವ ಅವರ ಕಾಲರ್ ಹಿಡಿದರು.

“ಉಗುಳಲ್ಲ ಸಾಮಿ, ಉಸ್ರೇ ಒಳಗೆ ನೀರಾಯ್ತದೆ,” ಎಂದು ಅವರು ಹೇಳಿದರೂ ಮಾವ ಬಿಡಲಿಲ್ಲ. ಬ್ಯಾಂಡಿನವರೆಲ್ಲ ಹೊರಟು ನಿಂತರು.

ಅಷ್ಟರಲ್ಲಿ ಮಾವನ ತಾಯಿ, ನನ್ನಜ್ಜಿ, ನಡುವೆ ಬಂದರು. “ಕೈ ಬುಡ್ಲಾ. ಒಲೆ ಊದ್ದಾಗ ನನ್ನ ಊದುಗೊಳವೇಲೂ ಇಂಗೇ ನೀರು ಬತ್ತದೆ. ಆ ಒಲೇಲಿ ಬೇಯ್ಸಿದ್ನೇ ಉಂಡು ಬೆಳ್ದೋನು ನೀನು.”

ಮಾವ ಕೈ ಬಿಟ್ಟರು. ಮೆರವಣಿಗೆ ಮುಂದೆ ಹೋಯಿತು.

ಅಜ್ಜಿ ತೀರಿಕೊಂಡ ಮೇಲೆ ಮಾವನ ಮನೆಗೆ ಗ್ಯಾಸ್ ಬಂತು. ಆ ಊದುಗೊಳವೆ ಎಸೆಯಲು ಮಾತ್ರ ಮಾವ ಯಾರನ್ನೂ ಬಿಟ್ಟಿಲ್ಲ.